ಕಾರಿನ ಹೆಡ್‌ಲೈಟ್ ಒಳಗೆ ಕಟ್ಟುವ ಮಂಜು: ಎಲ್ಲಿಯವರೆಗೆ ಸಹಜ, ಎಲ್ಲಿಂದ ಸೋರಿಕೆ?

ಪ್ರಶ್ನೆ
ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಾರಿಗೆ ಕಂಪನಿಯಿಂದಲೇ ಬಂದ ಎಲ್‌ಇಡಿ ಹೆಡ್‌ಲೈಟ್‌ಗಳಿವೆ, ಗಾಡಿ ಇನ್ನೂ ವಾರಂಟಿಯಲ್ಲಿದೆ. ಮುಂಗಾರು ಹಿಡಿದಾಗಿನಿಂದ ಎರಡೂ ದೀಪಗಳ ಒಳಗೆ, ಇಂಡಿಕೇಟರ್ ಇರುವ ಹೊರಮೂಲೆಯಲ್ಲಿ, ಬೆಳಗಿನ ಹೊತ್ತು ಮಂಜು ಕಟ್ಟಿರುತ್ತದೆ. ಬಲಗಡೆಯ ದೀಪದಲ್ಲಿ ಅದು ತೆಳುವಾದ ಮಸುಕಿನಷ್ಟೇ ಇದ್ದು, ಲೈಟ್ ಹಾಕಿಕೊಂಡು ಶಿವಮೊಗ್ಗ ತಲುಪುವಷ್ಟರಲ್ಲಿ ಹೆಚ್ಚುಕಡಿಮೆ ಮಾಯವಾಗಿರುತ್ತದೆ. ಎಡಗಡೆಯ ದೀಪದ ಕಥೆ ಬೇರೆ. ಅಲ್ಲಿ ಮಂಜು ಒಂದಕ್ಕೊಂದು ಕೂಡಿಕೊಂಡು ಹನಿಗಳಾಗಿ, ಆ ಹನಿಗಳು ಲೆನ್ಸಿನ ಒಳಮೈಯ ಮೇಲೆ ಗೆರೆ ಎಳೆದುಕೊಂಡು ಕೆಳಗಿಳಿದು, ತಳದ ಕಪ್ಪು ಪಟ್ಟಿಯ ಹಿಂದೆ ನೀರಾಗಿ ನಿಂತಿರುವುದು ಟಾರ್ಚ್ ಹಿಡಿದು ನೋಡಿದರೆ ಕಾಣುತ್ತದೆ. ಬಂಪರ್ ಹಿಡಿದು ಗಾಡಿಯನ್ನು ಅಲುಗಿಸಿದರೆ ಆ ನೀರು ಅತ್ತಿತ್ತ ಸರಿಯುತ್ತದೆ.

ಸರ್ವಿಸ್ ಸೆಂಟರಿನಲ್ಲಿ ತೋರಿಸಿದಾಗ, ಮಳೆಗಾಲದಲ್ಲಿ ಎಲ್ಲ ಗಾಡಿಗಳಿಗೂ ಹೀಗಾಗುತ್ತದೆ, ಬಿಸಿಲು ಬಂದ ಮೇಲೆ ತಾನಾಗಿಯೇ ಹೋಗುತ್ತದೆ ಎಂದು ಹೇಳಿ ಕಳುಹಿಸಿದರು. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ದೀಪದ ತಳಕ್ಕೆ ಸಣ್ಣದೊಂದು ತೂತು ಕೊರೆದರೆ ನೀರು ಇಳಿದುಹೋಗುತ್ತದೆ ಎನ್ನುತ್ತಾರೆ. ನನಗೆ ಎರಡೂ ಮಾತು ಸಮಾಧಾನ ತಂದಿಲ್ಲ. ಇದಕ್ಕೆ ಮೊದಲು ನಮ್ಮಲ್ಲಿದ್ದ ಹ್ಯಾಲೊಜೆನ್ ಬಲ್ಬಿನ ಹಳೆಯ ಗಾಡಿ ಇದೇ ಊರಿನ ಇದೇ ಮಳೆಯಲ್ಲಿ ನೆನೆದಿದೆ. ಅದರ ದೀಪದಲ್ಲಿ ಇಂಥದ್ದು ಕಂಡಿರಲಿಲ್ಲ. ಇಷ್ಟು ಬೆಲೆಯ ಹೊಸ ದೀಪಗಳಲ್ಲಿಯೇ ಹೀಗೇಕೆ? ಇದರಲ್ಲಿ ಎಷ್ಟನ್ನು ಸಹಜ ಎಂದು ಒಪ್ಪಿಕೊಳ್ಳಬೇಕು, ಎಷ್ಟಾದರೆ ದೀಪವನ್ನೇ ಬದಲಿಸಿಕೊಡಿ ಎಂದು ಪಟ್ಟು ಹಿಡಿಯಬೇಕು? ನಾನು ಆಗಾಗ ರಾತ್ರಿ ಆಗುಂಬೆ ಘಾಟಿ ಇಳಿಯಬೇಕಾಗುತ್ತದೆ. ಆ ತಿರುವುಗಳಲ್ಲಿ ಎಡಗಡೆಯ ಬೆಳಕು ಮಂಕಾಗಿದ್ದರೆ ರಸ್ತೆಯ ಅಂಚೇ ಕಾಣುವುದಿಲ್ಲ. ಆದ್ದರಿಂದ ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.


ಉತ್ತರ 1
ಬೆಳಕಿನಕಡ್ಡಿ, ಬೆಂಗಳೂರು

ತುಂಗಾತೀರ ಅವರಿಗೆ ನಮಸ್ಕಾರ. ವಾಹನಗಳ ದೀಪಗಳ ವಿನ್ಯಾಸ ಮತ್ತು ಪರೀಕ್ಷೆ ನನ್ನ ವೃತ್ತಿಯಾಗಿರುವುದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಿಮ್ಮ ಎರಡು ದೀಪಗಳಲ್ಲಿ ಆಗುತ್ತಿರುವುದು ಎರಡು ಬೇರೆಬೇರೆ ಸಂಗತಿಗಳು. ಬಲಗಡೆಯದು ಗಾಳಿಯಲ್ಲಿದ್ದ ಆವಿ ತಣ್ಣಗಾಗಿ ಕಟ್ಟಿದ ಮಂಜು. ಎಡಗಡೆಯದರಲ್ಲಿ ಹೊರಗಿನ ನೀರು ನೀರಾಗಿಯೇ ಒಳಗೆ ಬಂದಿದೆ ಎಂದು ನೀವು ಬರೆದ ಲಕ್ಷಣಗಳೇ ಹೇಳುತ್ತಿವೆ. ಹೀಗೆ ಖಚಿತವಾಗಿ ಹೇಳಲು ಕಾರಣವೇನೆಂದು ವಿವರಿಸುತ್ತೇನೆ.

ಮೊದಲು ತಿಳಿಯಬೇಕಾದದ್ದು, ಈಗಿನ ಯಾವ ಹೆಡ್‌ಲೈಟೂ ಗಾಳಿಯಾಡದಂತೆ ಪೂರ್ತಿ ಮುಚ್ಚಿದ ಡಬ್ಬಿಯಲ್ಲ. ಅಮೆರಿಕದಲ್ಲಿ 1940ರಿಂದ ಬಳಕೆಗೆ ಬಂದ ‘ಸೀಲ್ಡ್ ಬೀಮ್’ ದೀಪಗಳು ಹಾಗಿದ್ದವು. ಗಾಜಿನ ಮುಖ, ಪ್ರತಿಫಲಕ, ಫಿಲಮೆಂಟು ಎಲ್ಲವನ್ನೂ ಒಂದಾಗಿ ಬೆಸೆದ ಆ ದೀಪದೊಳಗೆ ತೇವದ ಗಾಳಿಗೆ ಪ್ರವೇಶವೇ ಇರಲಿಲ್ಲ. ಫಿಲಮೆಂಟ್ ಸುಟ್ಟರೆ ದೀಪವನ್ನೇ ಬದಲಿಸಬೇಕಾಗಿತ್ತು. 1983ರಲ್ಲಿ ಅಲ್ಲಿನ ನಿಯಮ ಸಡಿಲಗೊಂಡು, ಬಲ್ಬನ್ನು ಮಾತ್ರ ಬದಲಿಸುವ, ಕಾರಿನ ಮುಖದ ಆಕಾರಕ್ಕೆ ತಕ್ಕಂತೆ ಅಚ್ಚು ಹೊಯ್ದ ಪ್ಲಾಸ್ಟಿಕ್ ಲೆನ್ಸಿನ ದೀಪಗಳಿಗೆ ಅವಕಾಶ ದೊರೆಯಿತು. ಇಂದು ನಾವು ‘ಗ್ಲಾಸು’ ಎಂದು ಕರೆಯುವುದು ವಾಸ್ತವದಲ್ಲಿ ಪಾಲಿಕಾರ್ಬೊನೇಟ್. ಹಿಂದಿನ ಗೂಡು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಇವೆರಡರ ನಡುವೆ ಬ್ಯುಟೈಲ್ ಅಥವಾ ಪಾಲಿಯುರಥೇನ್ ಅಂಟು.

ಇಂಥ ದೊಡ್ಡ ಡಬ್ಬಿಯನ್ನು ಪೂರ್ತಿ ಮುಚ್ಚಿಬಿಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ದೀಪದೊಳಗೆ ಸುಮಾರು 8 ಲೀಟರ್ ಗಾಳಿ ಇದೆಯೆಂದುಕೊಳ್ಳಿ. ಅದು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯ್ದರೆ ಶೇ 12ರಷ್ಟು ಹಿಗ್ಗಲು ನೋಡುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ 500 ಚದರ ಸೆಂಟಿಮೀಟರಿನ ಲೆನ್ಸಿನ ಮೇಲೆ ಒಳಗಿನಿಂದ ಬೀಳುವ ತಳ್ಳು ಸುಮಾರು 60 ಕಿಲೋ ಭಾರಕ್ಕೆ ಸಮ. ಪ್ರತಿದಿನ ಹೀಗೆ ತಳ್ಳಿಸಿಕೊಂಡ ಅಂಟು ಎಲ್ಲಾದರೂ ಬಾಯಿ ಬಿಟ್ಟೇ ಬಿಡುತ್ತದೆ. ಇನ್ನೂ ಕೆಟ್ಟದ್ದು ತಣಿಯುವಾಗ ನಡೆಯುತ್ತದೆ. ಕಾದ ದೀಪದ ಮೇಲೆ ಮಳೆ ಬಿದ್ದೊಡನೆ ಒಳಗಿನ ಗಾಳಿ ಕುಗ್ಗಿ, ಎಲ್ಲಿ ಸಂದು ಸಿಕ್ಕರೆ ಅಲ್ಲಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಇದನ್ನು ತಪ್ಪಿಸಲೆಂದೇ ಪ್ರತಿ ದೀಪದ ಹಿಂಭಾಗದಲ್ಲಿ ಗಾಳಿಕಿಂಡಿಗಳಿರುತ್ತವೆ. ಕೆಲವದರಲ್ಲಿ ಕೆಳಮುಖವಾಗಿ ಬಾಗಿದ ರಬ್ಬರ್ ಕೊಳವೆ, ಕೆಲವದರಲ್ಲಿ ಒಳಗೆ ಅಂಕುಡೊಂಕಾದ ದಾರಿಯಿರುವ ಪ್ಲಾಸ್ಟಿಕ್ ಟೋಪಿ. ಇತ್ತೀಚಿನ ಹಲವು ದೀಪಗಳಲ್ಲಿ ಒಂದು ರೂಪಾಯಿ ನಾಣ್ಯದಷ್ಟಗಲದ ಬಿಳಿಯ ಪೊರೆ ಅಂಟಿಸಿರುತ್ತದೆ. ಅದು ಹಿಗ್ಗಿಸಿ ತಯಾರಿಸಿದ ಪಿಟಿಎಫ್‌ಇ, ಅಂದರೆ ಟೆಫ್ಲಾನ್ ಎಂದು ನಾವು ಕರೆಯುವ ಪ್ಲಾಸ್ಟಿಕ್. 1969ರಲ್ಲಿ ರಾಬರ್ಟ್ ಗೋರ್ ಕಂಡುಕೊಂಡ, ಒಳ್ಳೆಯ ಮಳೆಯಂಗಿಗಳಲ್ಲಿಯೂ ಬಳಸುವ ವಸ್ತು. ಗಾಳಿ ಮತ್ತು ಆವಿ ಅದರ ಸೂಕ್ಷ್ಮ ರಂಧ್ರಗಳ ಮೂಲಕ ದಾಟುತ್ತವೆ, ನೀರಿನ ಹನಿ ದಾಟಲಾರದು.

ಆವಿ ದಾಟುತ್ತದೆ ಎಂಬಲ್ಲಿಯೇ ನಿಮ್ಮ ಬಲದೀಪದ ಮಂಜಿನ ಮೂಲವಿದೆ. ದೀಪ ಆರಿದ ಮೇಲೆ ಸುಮಾರು ಒಂದು ಲೀಟರಿನಷ್ಟು ಹೊರಗಾಳಿ ಒಳಗೆ ಬರುತ್ತದೆ. ಜುಲೈ ತಿಂಗಳ ತೀರ್ಥಹಳ್ಳಿಯಲ್ಲಿ ಆ ಗಾಳಿ ತೇವದಿಂದ ತುಂಬಿಯೇ ಇರುತ್ತದೆ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ಆವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ. ಅಂದರೆ ನಿಮ್ಮ 8 ಲೀಟರಿನ ದೀಪ ರಾತ್ರಿ 25ರಿಂದ 20 ಡಿಗ್ರಿಗೆ ಇಳಿದಾಗ ಲೆನ್ಸಿನ ಮೇಲೆ ಕೂರುವ ಒಟ್ಟು ನೀರು ಒಂದು ಗ್ರಾಮಿನ ಇಪ್ಪತ್ತನೆಯ ಒಂದು ಪಾಲು, ಅಂದರೆ ಹೆಚ್ಚೆಂದರೆ ಒಂದೇ ಒಂದು ಹನಿ. ಆ ಒಂದು ಹನಿ ಅತಿ ಸಣ್ಣ ಕಣಗಳಾಗಿ ಹರಡಿದರೆ ಇಡೀ ಲೆನ್ಸನ್ನು ಮಂಕಾಗಿಸಲು ಸಾಕು.

ಈ ಲೆಕ್ಕವನ್ನು ನಿಮ್ಮ ಎಡದೀಪಕ್ಕೆ ಅನ್ವಯಿಸಿ. ತಳದಲ್ಲಿ ಒಂದು ಟೀ ಚಮಚದಷ್ಟು, ಅಂದರೆ 5 ಮಿಲಿಲೀಟರ್ ನೀರು ನಿಂತಿದೆಯೆಂದರೆ, ಅದು ಗಾಳಿಯ ಆವಿಯಿಂದಲೇ ಬರಬೇಕಾದರೆ ಇಂಥ ನೂರು ರಾತ್ರಿಗಳ ಮಂಜು ಒಂದಿಷ್ಟೂ ಆರದೆ ಕೂಡಿಕೊಳ್ಳಬೇಕು. ಹಾಗೆ ಆಗುವುದಿಲ್ಲ. ಲೆನ್ಸಿನ ಮೇಲೆ ಹರಿದ ಗೆರೆ, ತಳದಲ್ಲಿ ಸರಿದಾಡುವ ನೀರು, ಎರಡು ದೀಪಗಳ ನಡುವೆ ಇಷ್ಟು ವ್ಯತ್ಯಾಸ, ಈ ಮೂರೂ ಸೇರಿದರೆ ಸೋರಿಕೆ ಎನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ. ಮುಖ್ಯವಾಗಿ, ಒಂದೇ ಕಾರಿನ ಎರಡು ದೀಪಗಳು ಒಂದೇ ಮಳೆಯಲ್ಲಿ, ಒಂದೇ ಚಳಿಯಲ್ಲಿ ನಿಂತಿರುತ್ತವೆ. ಅವುಗಳನ್ನು ಪರಸ್ಪರ ಹೋಲಿಸಿ ನೋಡುವುದಕ್ಕಿಂತ ನಂಬಿಕಸ್ಥ ಪರೀಕ್ಷೆ ಮನೆಯಲ್ಲಿ ಕೂತು ಮಾಡುವವರಿಗೆ ಇನ್ನೊಂದಿಲ್ಲ.

ಆವಿ ಬರುವ ಇನ್ನೊಂದು ದಾರಿ ಬಹಳ ಜನರಿಗೆ ತಿಳಿದಿರುವುದಿಲ್ಲ. ಪಾಲಿಕಾರ್ಬೊನೇಟ್ ತಾನೇ ತೇವ ಹೀರುತ್ತದೆ. ಸಾಧಾರಣ ತೇವದ ಗಾಳಿಯಲ್ಲಿ ತನ್ನ ತೂಕದ ಶೇ 0.15ರಷ್ಟು. ಅರ್ಧ ಕಿಲೋ ತೂಗುವ ಲೆನ್ಸು ಮುಕ್ಕಾಲು ಗ್ರಾಂ ನೀರನ್ನು ತನ್ನ ಮೈಯೊಳಗೇ ಇಟ್ಟುಕೊಂಡಿರುತ್ತದೆ. ಇದು ಒಳಗಿನ ಗಾಳಿಯಲ್ಲಿರುವ ಆವಿಯ ನಾಲ್ಕು ಪಟ್ಟು. ಎಂಜಿನ್ನಿನ ಕಾವಿಗೆ ಗೂಡಿನ ಭಾಗಗಳು ಬೆಚ್ಚಗಾದಾಗ ಪ್ಲಾಸ್ಟಿಕ್ಕಿನ ಈ ತೇವ ಹೊರಬಂದು, ಮಳೆ ಬಡಿದು ತಣ್ಣಗಾಗಿರುವ ಲೆನ್ಸಿನ ಮೂಲೆಗೆ ಹೋಗಿ ಕೂರುತ್ತದೆ. ಹೊರಮೂಲೆಯಲ್ಲಿಯೇ ಮಂಜು ಹೆಚ್ಚು ಕಾಣುವುದಕ್ಕೆ ಇದೇ ಕಾರಣ: ಅದು ಕಾವಿನಿಂದ ದೂರ, ಗಾಳಿಕಿಂಡಿಯಿಂದಲೂ ದೂರ, ಮತ್ತು ಅಲ್ಲಿ ಒಳಗಾಳಿ ಅಲುಗುವುದೇ ಕಡಿಮೆ.

ಹಳೆಯ ಗಾಡಿಯಲ್ಲಿ ಏಕೆ ಕಾಣಲಿಲ್ಲ ಎಂದು ಕೇಳಿದ್ದೀರಿ. ಎಚ್4 ಹ್ಯಾಲೊಜೆನ್ ಬಲ್ಬು ಲೋ ಬೀಮಿನಲ್ಲಿ 55 ವ್ಯಾಟ್, ಹೈ ಬೀಮಿನಲ್ಲಿ 60 ವ್ಯಾಟ್ ವಿದ್ಯುತ್ ಬಳಸಿ, ಅದರ ಬಹುಪಾಲನ್ನು ಕಾವಾಗಿಯೇ ಹೊರಚೆಲ್ಲುತ್ತದೆ; ಆ ಕಾವು ಬೆಳಕಿನ ಜೊತೆಗೇ ಮುಂದಕ್ಕೆ ಹರಿದು ಲೆನ್ಸನ್ನು ಕಾಯಿಸುತ್ತದೆ. ಮಂಜು ಅಲ್ಲಿಯೂ ಕಟ್ಟುತ್ತಿತ್ತು, ಬೇಗ ಆರಿಹೋಗುತ್ತಿತ್ತು. ಎಲ್‌ಇಡಿ ಇದಕ್ಕಿಂತ ಬಹಳ ಕಡಿಮೆ ವಿದ್ಯುತ್ ಬಳಸುತ್ತದೆ, ಅದರ ಬೆಳಕಿನಲ್ಲಿ ಅವಕೆಂಪು ಕಿರಣ ಇಲ್ಲವೆನ್ನಬಹುದು, ಹುಟ್ಟುವ ಕಾವನ್ನೆಲ್ಲ ಹಿಂದಿರುವ ಅಲ್ಯೂಮಿನಿಯಂ ಹೀಟ್ ಸಿಂಕ್ ಎಳೆದುಕೊಳ್ಳುತ್ತದೆ. ಹೀಗಾಗಿ ದೀಪ ಗಂಟೆಗಟ್ಟಲೆ ಉರಿದರೂ ಲೆನ್ಸು ತಣ್ಣಗೇ ಇರುತ್ತದೆ. ಕೆಲವು ವಿನ್ಯಾಸಗಳಲ್ಲಿ ಹೀಟ್ ಸಿಂಕಿನ ಫ್ಯಾನ್ ಗಾಳಿಯನ್ನು ಲೆನ್ಸಿನತ್ತ ತಿರುಗಿಸುತ್ತೇವೆ, ಕೆಲವದರಲ್ಲಿ ಲೆನ್ಸಿನ ಒಳಮೈಗೆ ನೀರನ್ನು ಕಣಗಳಾಗಲು ಬಿಡದೆ ತೆಳ್ಳನೆಯ ಪದರವಾಗಿ ಹರಡುವ ಲೇಪನ ಹಚ್ಚುತ್ತೇವೆ. ಆ ಲೇಪನ ಸಹಜ ಮಂಜನ್ನು ಚೆನ್ನಾಗಿ ನಿಭಾಯಿಸುತ್ತದೆ; ಹರಿಯುವ ನೀರು ಬಿದ್ದರೆ ಮಾತ್ರ ಕರಗಿ, ಒಣಗಿದ ಮೇಲೂ ಹೋಗದ ಗೆರೆಗಳನ್ನು ಉಳಿಸುತ್ತದೆ. ನಿಮ್ಮ ಎಡದೀಪದಲ್ಲಿ ಅಂಥ ಬಿಳಿಗೆರೆಗಳಿದ್ದರೆ ಫೋಟೊ ತೆಗೆದಿಟ್ಟುಕೊಳ್ಳಿ, ನೀರು ಹರಿದದ್ದಕ್ಕೆ ಅವು ಉಳಿಯುವ ಸಾಕ್ಷಿ.

ಕಡೆಯದಾಗಿ, ದೀಪ ಉರಿಸಿ ಇಷ್ಟು ನಿಮಿಷದೊಳಗೆ ಮಂಜು ಹೋಗಲೇಬೇಕು ಎಂಬ ಅಳತೆಯನ್ನು ನಿಮ್ಮ ಊರಿನ ಮಳೆಗಾಲಕ್ಕೆ ಹಾಗೆಯೇ ಅನ್ವಯಿಸಬಾರದು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಿನಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುವಾಗ, ಗಾಳಿಕಿಂಡಿಯಿಂದ ಒಳಗೆ ಬಂದ ಗಾಳಿ ಏನನ್ನು ಒಣಗಿಸೀತು? ಒಳಗಿನ ಗಾಳಿ ಬೆಚ್ಚಗಾದರೆ ಮಾತ್ರ ಮಂಜು ಕರಗುತ್ತದೆ. ಬಲದೀಪದ ಮಂಜು ಶಿವಮೊಗ್ಗದವರೆಗೆ ಉಳಿಯುವುದನ್ನು ನಾನು ದೋಷವೆಂದು ಎಣಿಸುವುದಿಲ್ಲ.


ಉತ್ತರ 2
ಗ್ಯಾರೇಜಿನವರು, ಪುತ್ತೂರು

ಮೇಲಿನವರು ವಿವರಿಸಿದ ಶಾಸ್ತ್ರಕ್ಕೆ ನಾನು ಸೇರಿಸುವುದೇನಿಲ್ಲ. ನೀರು ಎಲ್ಲಿಂದ ಬರುತ್ತದೆ, ಅದನ್ನು ಹೇಗೆ ಹುಡುಕಬೇಕು ಎಂಬುದನ್ನು ಕೆಲಸದವನಾಗಿ ಹೇಳುತ್ತೇನೆ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದೂರು ಹೊತ್ತು ಬರುವ ಗಾಡಿಗಳಿಗೆ ಕೊರತೆಯಿಲ್ಲ.

ಹ್ಯಾಲೊಜೆನ್ ದೀಪವಾದರೆ ಮೊದಲು ಕೈ ಹೋಗಬೇಕಾದದ್ದು ಹಿಂದಿನ ಡಸ್ಟ್ ಕ್ಯಾಪಿಗೆ. ರಸ್ತೆ ಬದಿಯಲ್ಲಿ ಅವಸರವಾಗಿ ಬಲ್ಬು ಬದಲಿಸಿದವರು ಕ್ಯಾಪನ್ನು ಕೂರಿಸಿರುತ್ತಾರೆ, ಕೊನೆಯ ಕಾಲು ಸುತ್ತು ತಿರುಗಿಸಿ ಲಾಕ್ ಮಾಡಿರುವುದಿಲ್ಲ; ಅಥವಾ ಒಳಗಿನ ರಬ್ಬರ್ ವಾಷರ್ ಒಂದು ಕಡೆ ಮಡಚಿಕೊಂಡಿರುತ್ತದೆ. ಹೊರಗಿನಿಂದ ಖರೀದಿಸಿದ ಎಲ್‌ಇಡಿ ಬಲ್ಬನ್ನು ಹ್ಯಾಲೊಜೆನ್ ದೀಪಕ್ಕೆ ತುರುಕಿ, ಅದರ ಫ್ಯಾನಿಗೆ ಜಾಗ ಸಾಲದೆ ಕ್ಯಾಪನ್ನೇ ಕತ್ತರಿಸಿದ ಗಾಡಿಗಳೂ ಬರುತ್ತವೆ. ಇದು ಎರಡು ರೀತಿಯಲ್ಲಿ ಹಾನಿ: ನೀರಿಗೆ ಬಾಗಿಲು ತೆರೆದಂತೆಯೂ ಆಯಿತು, ಆ ನೀರನ್ನು ಆರಿಸುತ್ತಿದ್ದ ಹ್ಯಾಲೊಜೆನ್ನಿನ ಕಾವೂ ಹೋಯಿತು. ಎದುರಿನಿಂದ ಬರುವವರ ಕಣ್ಣು ಕೋರೈಸುವುದು ಬೇರೆ.

ನಿಮ್ಮದು ಕಂಪನಿಯ ಎಲ್‌ಇಡಿ ದೀಪವಾದ್ದರಿಂದ ನಾನು ಮೊದಲು ಕೇಳುವ ಪ್ರಶ್ನೆ, ಎಡಗಡೆಯ ಬಂಪರಿಗೆ ಎಂದಾದರೂ ಪೆಟ್ಟು ಬಿದ್ದಿತ್ತೇ ಅಥವಾ ಬಂಪರ್ ಬಿಚ್ಚಿ ಕೆಲಸ ಮಾಡಿಸಿದ್ದಿರೇ ಎಂಬುದು. ದೀಪವನ್ನು ಬಾಡಿಗೆ ಹಿಡಿದಿಡುವ ಪ್ಲಾಸ್ಟಿಕ್ ಕಿವಿಗಳು ಗೂಡಿನ ಜೊತೆಗೇ ಅಚ್ಚಾಗಿರುತ್ತವೆ. ಬಂಪರಿನ ಪ್ಲಾಸ್ಟಿಕ್ ಬಾಗಿ ಮತ್ತೆ ಮೊದಲಿನಂತಾಗಬಹುದು. ಆ ಬಾಗುವಿಕೆಯಲ್ಲಿ ಕಿವಿ ಎಳೆತಕ್ಕೆ ಸಿಕ್ಕು, ಅದರ ಬುಡದಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಆ ಬಿರುಕು ಮುಂದಿನಿಂದ ಕಾಣುವುದೇ ಇಲ್ಲ. ಬಂಪರ್ ಇಳಿಸಿ, ದೀಪ ಹೊರತೆಗೆದು, ಗೂಡಿನ ಹಿಂಭಾಗವನ್ನು ಒರೆಸಿ, ಬೆರಳಿನಿಂದ ಕಿವಿಯನ್ನು ಮೆಲ್ಲಗೆ ಒತ್ತಿದಾಗ ಮಾತ್ರ ಕೂದಲಿನಷ್ಟು ತೆಳುವಾದ ಗೆರೆ ತೆರೆದುಕೊಳ್ಳುತ್ತದೆ. ಅದರ ಅಂಚಿನಲ್ಲಿ ರಸ್ತೆಯ ಕೆಮ್ಮಣ್ಣು ಕೂತಿದ್ದರೆ ನೀರು ಅಲ್ಲಿಂದಲೇ ಹೋಗಿದೆ ಎಂದು ಮತ್ತೆ ಕೇಳಬೇಕಾಗಿಲ್ಲ.

ಬಿರುಕು ಕಾಣದಿದ್ದರೆ ಸೋಪಿನ ನೀರಿನ ಪರೀಕ್ಷೆ ಮಾಡುತ್ತೇವೆ. ಗಾಳಿಕಿಂಡಿಗಳನ್ನೆಲ್ಲ ಮುಚ್ಚಿ ಒಂದನ್ನು ಮಾತ್ರ ಬಿಟ್ಟು, ಅದಕ್ಕೆ ಕೊಳವೆ ಸಿಕ್ಕಿಸಿ ಬಾಯಿಯಿಂದ ಮೆಲ್ಲಗೆ ಊದಬೇಕು. ಲೆನ್ಸು ಮತ್ತು ಗೂಡು ಸೇರುವ ಅಂಚಿಗೆ ಸೋಪಿನ ನೊರೆ ಹಚ್ಚಿದರೆ, ಅಂಟು ಬಿಟ್ಟಿರುವ ಜಾಗದಲ್ಲಿ ಗುಳ್ಳೆ ಏಳುತ್ತದೆ. ಕಂಪ್ರೆಸರ್ ಪೈಪನ್ನು ನೇರವಾಗಿ ಕೊಟ್ಟರೆ ಚೆನ್ನಾಗಿರುವ ಅಂಟೂ ಬಿಟ್ಟುಕೊಳ್ಳುತ್ತದೆ, ಆದ್ದರಿಂದ ಅದು ಬೇಡ. ದೀಪವನ್ನು ಬಕೆಟ್ಟಿನಲ್ಲಿ ಮುಳುಗಿಸುವುದಂತೂ ಎಲ್‌ಇಡಿ ದೀಪಕ್ಕೆ ಸಲ್ಲದು, ಏಕೆಂದರೆ ಎಲ್‌ಇಡಿಗೆ ಬೇಕಾದಷ್ಟೇ ವಿದ್ಯುತ್ ಕೊಡುವ ಅದರ ಡ್ರೈವರ್ ಮಾಡ್ಯೂಲ್ ಹಲವು ಗಾಡಿಗಳಲ್ಲಿ ತಳಭಾಗಕ್ಕೇ ಜೋಡಿಸಿರುತ್ತದೆ.

ಗಾಳಿಕಿಂಡಿಗಳನ್ನೂ ನೋಡಲೇಬೇಕು. ರಬ್ಬರ್ ಕೊಳವೆ ಕಳಚಿ ಬಿದ್ದಿದ್ದರೆ ಅಲ್ಲಿಂದ ನೀರು ಸಿಡಿಯುತ್ತದೆ. ಕೆಸರು ಒಣಗಿ ಅಥವಾ ಜೇಡ ಗೂಡು ಕಟ್ಟಿ ಮುಚ್ಚಿಹೋಗಿದ್ದರೆ ಒಳಗಿನ ಆವಿ ಹೊರಗೆ ಹೋಗುವುದಿಲ್ಲ. ಪೊರೆಯ ಮೇಲೆ ಗ್ರೀಸ್ ಅಥವಾ ಎಣ್ಣೆಯ ಪಾಲಿಶ್ ಬಿದ್ದರೂ ಅದು ಕೆಟ್ಟಂತೆಯೇ. ಅದನ್ನು ಉಜ್ಜಿ ತೊಳೆಯಲು ಹೋಗಬಾರದು, ಬದಲಿಸಬೇಕು.

ತೂತು ಕೊರೆಯುವ ಸಲಹೆ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಇಂದು ನಿಂತ ನೀರು ಇಳಿದುಹೋಗುತ್ತದೆ, ಸರಿ. ನಾಳೆಯಿಂದ ಅದೇ ತೂತಿನ ಮೂಲಕ ಮುಂದಿನ ಚಕ್ರ ಎರಚುವ ನೀರು, ಬೇಸಿಗೆಯಲ್ಲಿ ದೂಳು ಒಳಗೆ ಹೋಗುತ್ತವೆ. ಪ್ರತಿಫಲಕದ ಹೊಳಪು ಕನ್ನಡಿಯದಲ್ಲ, ಪ್ಲಾಸ್ಟಿಕ್ಕಿನ ಮೇಲೆ ಕೂರಿಸಿದ ಅತಿ ತೆಳುವಾದ ಅಲ್ಯೂಮಿನಿಯಂ ಪದರದ್ದು. ದೂಳು ಕೂತರೆ ಒರೆಸಲು ಬರುವುದಿಲ್ಲ, ಒರೆಸಿದರೆ ಪದರವೇ ಕಿತ್ತು ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ದೀಪಕ್ಕೆ ಡ್ರಿಲ್ ತಾಗಿದ ದಿನವೇ ನಿಮ್ಮ ವಾರಂಟಿಯ ಹಕ್ಕು ಹೋಯಿತು.

ಒಣಗಿಸುವ ವಿಷಯದಲ್ಲಿ ಇನ್ನೆರಡು ಮಾತು. ಬಿಚ್ಚಿದ ದೀಪವನ್ನು ಒಣಗಲೆಂದು ಬಿಸಿಲಿಗೆ ಮುಖ ಮಾಡಿ ಇಡಬೇಡಿ. ಪ್ರೊಜೆಕ್ಟರಿನ ದಪ್ಪ ಗಾಜು ಸೂರ್ಯನ ಕಿರಣಗಳನ್ನು ಒಂದೇ ಬಿಂದುವಿಗೆ ಸೇರಿಸಿ ಒಳಗಿನ ಪ್ಲಾಸ್ಟಿಕ್ಕನ್ನು ಕರಗಿಸಿಬಿಡುತ್ತದೆ. ಹಿಂದಿನ ಮುಚ್ಚಳ ತೆಗೆದು, ನೆರಳಿನಲ್ಲಿ, ಫ್ಯಾನ್ ಕೆಳಗೆ ಅಥವಾ ಹೇರ್ ಡ್ರೈಯರಿನ ಕಡಿಮೆ ಬಿಸಿಯಲ್ಲಿ ಒಣಗಿಸಿದರೆ ಸಾಕು. ಹೀಟ್ ಗನ್ ಬೇಡವೇ ಬೇಡ. ಒಳಗೆ ಬಟ್ಟೆ ಹಾಕಿ ಒರೆಸಬಾರದು, ಪೆಟ್ರೋಲು ಅಥವಾ ಥಿನ್ನರ್ ತಾಗಿಸಬಾರದು, ಪಾಲಿಕಾರ್ಬೊನೇಟ್ ಅದರಿಂದ ಬಲೆಬಲೆಯಾಗಿ ಬಿರುಕು ಬಿಡುತ್ತದೆ. ಅಂಚಿಗೆ ಸಿಲಿಕೋನ್ ಹಚ್ಚುವವರು ವಿನಿಗರ್ ವಾಸನೆಯ ಸಿಲಿಕೋನ್ ಬಳಸುವುದನ್ನು ನೋಡಿದ್ದೇನೆ. ಆ ವಾಸನೆ ಅಸಿಟಿಕ್ ಆಮ್ಲದ್ದು. ಅದು ಒಳಗೆ ಸೇರಿ ಪ್ರತಿಫಲಕವನ್ನು ಕಪ್ಪಾಗಿಸುತ್ತದೆ. ಹಚ್ಚಲೇಬೇಕಾದ ಹಳೆಯ ದೀಪವಾದರೆ ‘ನ್ಯೂಟ್ರಲ್ ಕ್ಯೂರ್’ ಎಂದು ಬರೆದಿರುವುದನ್ನು ಕೇಳಿ ತೆಗೆದುಕೊಳ್ಳಬೇಕು. ವಾರಂಟಿಯಲ್ಲಿರುವ ದೀಪಕ್ಕೆ ಯಾವುದನ್ನೂ ಹಚ್ಚಬಾರದು.

ತೊಳೆಸುವಾಗ ಪ್ರೆಷರ್ ಗನ್ನನ್ನು ಲೆನ್ಸಿನ ಅಂಚಿಗೆ, ಬಾನೆಟ್ ಒಳಗಿನಿಂದ ದೀಪದ ಬೆನ್ನಿಗೆ ಹಿಡಿಯದಂತೆ ಹುಡುಗರಿಗೆ ಹೇಳಿ. ಘಾಟಿ ಹತ್ತಿ ಬಂದ ಬಿಸಿ ಗಾಡಿಯನ್ನು ಹಾಗೆಯೇ ತೊಳೆಯಲು ನಿಲ್ಲಿಸುವುದೂ ಒಳ್ಳೆಯದಲ್ಲ.


ಉತ್ತರ 3
ಮಿನೆಸೋಟದಿಂದ

ನಾನಿರುವ ಊರಿನಲ್ಲಿ ಇದೇ ಸಮಸ್ಯೆ ಚಳಿಗಾಲದ ರೂಪದಲ್ಲಿ ಬರುತ್ತದೆ ಎಂಬುದನ್ನು ತಿಳಿಸಲು ಬರೆಯುತ್ತಿದ್ದೇನೆ. ಇಲ್ಲಿ ಒಳಗಿನ ಮಂಜು ಹೆಪ್ಪುಗಟ್ಟಿ ಬಿಳಿಯ ಪದರವಾಗುತ್ತದೆ, ಹೊರಗೆ ಎಲ್‌ಇಡಿ ಲೆನ್ಸಿನ ಮೇಲೆ ಬಿದ್ದ ಹಿಮ ಕರಗದೆ ಅಂಟಿಕೊಳ್ಳುತ್ತದೆ. ಹ್ಯಾಲೊಜೆನ್ ದೀಪದ ಗಾಡಿಗಳಲ್ಲಿ ಅದು ಕರಗಿ ಇಳಿಯುತ್ತಿತ್ತು. ಈಗ ಗಾಡಿ ನಿಲ್ಲಿಸಿ, ಇಳಿದು, ಕೈಯಿಂದ ಒರೆಸಿ ಮುಂದೆ ಹೋಗುವುದು ಅಭ್ಯಾಸವಾಗಿದೆ. ಆದರೆ ಒಳಗಿನ ತೇವ ಇಲ್ಲಿ ಬಹುಕಾಲ ನಿಲ್ಲುವುದಿಲ್ಲ. ಮೈನಸ್ 10 ಡಿಗ್ರಿಯ ಗಾಳಿಯಲ್ಲಿ ಘನ ಮೀಟರಿಗೆ ಹೆಚ್ಚೆಂದರೆ 2 ಗ್ರಾಂ ಚಿಲ್ಲರೆ ಆವಿ ಇರಬಲ್ಲದು. ಅಷ್ಟು ಒಣಗಾಳಿ ಗಾಳಿಕಿಂಡಿಯ ಮೂಲಕ ಹೋಗಿಬಂದು ಮಾಡುತ್ತಿದ್ದರೆ ದೀಪ ತಾನಾಗಿ ಒಣಗುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಆ ಅನುಕೂಲವಿಲ್ಲ ಎಂದು ಬೆಳಕಿನಕಡ್ಡಿಯವರು ಹೇಳಿದ್ದು ಇದರಿಂದ ನನಗೆ ಇನ್ನಷ್ಟು ಸ್ಪಷ್ಟವಾಯಿತು.

ಒಂದು ಸಂದೇಹ: ಪಾರ್ಸೆಲ್ಲುಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ದೀಪದೊಳಗೆ ಇಟ್ಟರೆ ಹೇಗೆ?


ಮರುಪ್ರಶ್ನೆ
ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ಕೃತಜ್ಞತೆಗಳು. ಪುತ್ತೂರಿನವರು ಕೇಳಿದ ಪ್ರಶ್ನೆ ನೇರವಾಗಿ ಗುರಿಗೆ ತಾಗಿದೆ. ಬೇಸಿಗೆಯಲ್ಲಿ ಗಾಡಿ ನಿಲ್ಲಿಸಿದ್ದಾಗ ಇನ್ನೊಂದು ವಾಹನ ಹಿಂದಕ್ಕೆ ಬರುವಾಗ ಎಡಗಡೆಯ ಮೂಲೆಗೆ ತಗುಲಿತ್ತು. ಬಂಪರಿಗೆ ಬಣ್ಣ ಹಚ್ಚಿಸಿದ್ದು ಬಿಟ್ಟರೆ ಬೇರೇನೂ ಕೆಲಸ ಬೇಕಾಗಿರಲಿಲ್ಲ, ದೀಪದ ಮೇಲೆ ಒಂದು ಗೀರೂ ಇರಲಿಲ್ಲ. ಆ ಬಣ್ಣದ ಕೆಲಸ ವಿಮೆಯ ಮೂಲಕವೇ ಆಗಿದ್ದು, ಆಗಿನ ಫೋಟೊಗಳು ಮತ್ತು ಬಿಲ್ಲು ನನ್ನ ಬಳಿ ಇವೆ. ಬಾನೆಟ್ ಎತ್ತಿ ನೋಡಿದರೆ ಎಡದೀಪದ ಮೇಲಿನ ಕಿವಿ ಸ್ವಲ್ಪ ಅಲುಗುತ್ತದೆ, ಬಲಗಡೆಯದು ಅಲುಗುವುದಿಲ್ಲ. ಲೆನ್ಸಿನ ಮೇಲೆ ಬಿಳಿಗೆರೆಗಳೂ ಇವೆ. ಇದು ವಾರಂಟಿಗೆ ಸೇರುತ್ತದೆಯೇ ವಿಮೆಗೆ ಸೇರುತ್ತದೆಯೇ, ಮತ್ತು ತೀರ್ಮಾನವಾಗುವವರೆಗೆ ಈ ದೀಪ ಹಾಕಿಕೊಂಡು ಓಡಿಸುವುದು ಸುರಕ್ಷಿತವೇ ಎಂದು ತಿಳಿಸಿದರೆ ಉಪಕಾರವಾಗುತ್ತದೆ.


ಉತ್ತರ 4
ಬೆಳಕಿನಕಡ್ಡಿ, ಬೆಂಗಳೂರು

ಮೊದಲು ಸಿಲಿಕಾ ಜೆಲ್ ಬಗ್ಗೆ. ಕೆಲವು ತಯಾರಕರು ತೇವ ಹೀರುವ ಚೀಲವನ್ನು ದೀಪದ ಭಾಗವಾಗಿಯೇ ಕೊಡುವುದುಂಟು. ಅದಕ್ಕೆ ಗೊತ್ತಾದ ಜಾಗ ಮತ್ತು ಬದಲಿಸುವ ಕ್ರಮ ಇರುತ್ತದೆ. ನಾವೇ ಒಂದು ಪೊಟ್ಟಣ ತುರುಕಿದರೆ ಅದು ಮಳೆಗಾಲದ ಗಾಳಿಯಲ್ಲಿ ಬೇಗನೆ ತುಂಬಿಹೋಗಿ ನಿಷ್ಪ್ರಯೋಜಕವಾಗುತ್ತದೆ, ಮುಂದೆ ದೀಪ ಕಾಯ್ದಾಗ ಹೀರಿದ ತೇವವನ್ನೇ ವಾಪಸು ಬಿಡುತ್ತದೆ. ಗಾಡಿಯ ಕುಲುಕಾಟಕ್ಕೆ ಜಾರಿ ಹೀಟ್ ಸಿಂಕಿನ ಫ್ಯಾನಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ. ನಾನು ಅದನ್ನು ಸಲಹೆ ಮಾಡುವುದಿಲ್ಲ.

ತುಂಗಾತೀರ ಅವರೇ, ನೀವು ಬರೆದ ವಿವರ ನೋಡಿದರೆ ಕಿವಿಯ ಬುಡದ ಬಿರುಕೇ ಕಾರಣವಿರಬಹುದು. ಆದರೆ ಅದನ್ನು ಊಹೆಯಾಗಿ ಬಿಡದೆ, ಬಂಪರ್ ಇಳಿಸಿ ದೀಪವನ್ನು ಹೊರತೆಗೆದು ನೋಡಬೇಕೆಂದು ಬರಹದಲ್ಲಿ ಕೇಳಿ. ಸರ್ವಿಸ್ ಸೆಂಟರಿಗೆ ಹೋದಾಗ ‘ಹೆಡ್‌ಲೈಟಿನಲ್ಲಿ ಮಂಜು’ ಎಂದು ಜಾಬ್ ಕಾರ್ಡಿನಲ್ಲಿ ಬರೆಸಬೇಡಿ. ಹಾಗೆ ಬರೆದರೆ ಸಹಜ ಎಂಬ ಸಿದ್ಧ ಉತ್ತರ ಬರುತ್ತದೆ, ಮತ್ತು ಬರೀ ಮಂಜಿನ ಮಟ್ಟಿಗೆ ಆ ಉತ್ತರ ತಪ್ಪೂ ಅಲ್ಲ. ‘ಎಡ ಹೆಡ್‌ಲೈಟಿನ ತಳದಲ್ಲಿ ನೀರು ನಿಂತಿದೆ, ಲೆನ್ಸಿನ ಒಳಗೆ ನೀರು ಹರಿದ ಗುರುತಿದೆ, ಬಲ ಹೆಡ್‌ಲೈಟಿನಲ್ಲಿ ಇಲ್ಲ’ ಎಂದು ಬರೆಸಿ. ಒಂದೇ ಬೆಳಗ್ಗೆ ಎರಡೂ ದೀಪಗಳನ್ನು ಒಂದೇ ಕೋನದಿಂದ ತೆಗೆದ ಫೋಟೊ, ನೀರು ಸರಿದಾಡುವ ಸಣ್ಣ ವಿಡಿಯೊ ಜೊತೆಗಿರಲಿ.

ಗೂಡಿನಲ್ಲಿ ಬಿರುಕು ಸಿಕ್ಕಿದರೆ ಅದು ಹೊರಗಿನ ಪೆಟ್ಟಿನ ಹಾನಿ, ವಾರಂಟಿ ಅದನ್ನು ಒಪ್ಪುವುದಿಲ್ಲ. ಆಗ ಹಿಂದಿನ ಕ್ಲೇಮಿನ ಫೋಟೊ ಮತ್ತು ಬಿಲ್ಲನ್ನು ಮುಂದಿಟ್ಟು, ಅದೇ ಘಟನೆಯಲ್ಲಿ ಆದ, ಆಗ ಹೊರಗೆ ಕಾಣದಿದ್ದ ಹಾನಿ ಎಂದು ವಿಮಾ ಕಂಪನಿಗೆ ತಡಮಾಡದೆ ತಿಳಿಸಬೇಕು. ಸರ್ವೇಯರ್ ಬಂದು ನೋಡುವ ಮೊದಲು ದೀಪ ಬದಲಿಸಬಾರದು. ಸವಕಳಿ ಕಳೆಯದ ಜೀರೊ ಡೆಪ್ರಿಸಿಯೇಷನ್ ಪಾಲಿಸಿ ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಗಳಿಗೆ ಶೇ 50 ಸವಕಳಿ ಕಳೆಯುತ್ತಾರೆ ಎಂಬುದು ತಿಳಿದಿರಲಿ. ಬಿರುಕು ಎಲ್ಲಿಯೂ ಇಲ್ಲದೆ ಅಂಟಿನ ಅಂಚಿನಲ್ಲಿ ಗುಳ್ಳೆ ಎದ್ದರೆ, ಅಥವಾ ಗಾಳಿಕಿಂಡಿಯ ಪೊರೆಯೇ ಸರಿಯಾಗಿ ಕೂತಿಲ್ಲದಿದ್ದರೆ, ಅದು ತಯಾರಿಕೆಯ ದೋಷ. ಅಲ್ಲಿ ನೀವು ವಾರಂಟಿಗೆ ಪಟ್ಟು ಹಿಡಿಯಬಹುದು, ಹಿಡಿಯಲೇಬೇಕು.

ಸುರಕ್ಷತೆಯ ಪ್ರಶ್ನೆ ನನ್ನ ದೃಷ್ಟಿಯಲ್ಲಿ ಹಣದ ಪ್ರಶ್ನೆಗಿಂತ ದೊಡ್ಡದು. ಲೆನ್ಸಿನ ಮೇಲಿನ ಪ್ರತಿ ಹನಿಯೂ ಬೆಳಕನ್ನು ವಕ್ರೀಭವಿಸುತ್ತದೆ. ರಸ್ತೆಗೆ ಬೀಳಬೇಕಾದ ಬೆಳಕು ಮೇಲಕ್ಕೆ ಚದುರಿ, ಮಳೆ ಮತ್ತು ಕಾವಳದ ಮೇಲೆ ಬಿದ್ದು ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ. ಘಾಟಿಯಲ್ಲಿ ಎದುರು ಬರುವ ಬಸ್ಸಿನ ಚಾಲಕರಿಗೂ ಅದೇ ಬೆಳಕು ಕಣ್ಣಿಗೆ ಹೊಡೆಯುತ್ತದೆ. ರಾತ್ರಿ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ ಐದಾರು ಮೀಟರ್ ದೂರ ನಿಲ್ಲಿಸಿ, ಲೋ ಬೀಮ್ ಹಾಕಿ, ಒಂದೊಂದೇ ದೀಪವನ್ನು ರಟ್ಟಿನಿಂದ ಮುಚ್ಚಿ ನೋಡಿ. ಬಲದೀಪದ ಬೆಳಕಿನ ಮೇಲಂಚು ಗೀಟು ಎಳೆದಂತೆ ಸ್ಪಷ್ಟವಾಗಿದ್ದು, ಎಡದೀಪದ ಮೇಲಂಚು ಕದಡಿಹೋಗಿದ್ದರೆ, ಕೆಲಸ ಆಗುವವರೆಗೆ ರಾತ್ರಿಯ ಘಾಟಿ ಪ್ರಯಾಣ ಬೇಡ. ಅಂಚು ಇನ್ನೂ ಸ್ಪಷ್ಟವಾಗಿದ್ದರೆ ಓಡಿಸಬಹುದು. ಆದರೆ ನಿಂತ ನೀರು ಡ್ರೈವರ್ ಮಾಡ್ಯೂಲನ್ನು ಮುಟ್ಟಿದರೆ ಅದರ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದು ದೀಪ ನಡುದಾರಿಯಲ್ಲಿಯೇ ಆರಬಹುದು. ಹೊರಡುವ ಮೊದಲು ಹೈ ಬೀಮ್, ಲೋ ಬೀಮ್, ಇಂಡಿಕೇಟರ್ ಮೂರನ್ನೂ ಹಾಕಿ ನೋಡಿಕೊಳ್ಳಿ, ಎಡದೀಪ ಒಮ್ಮೆ ಮಿಣುಕಿದರೂ ಆ ಬದಿಯ ಕನೆಕ್ಟರನ್ನು ಅಂದೇ ತೋರಿಸಿ.